ಒಂಬತ್ತು ತೂತುಗಳ ಗಿಟಾರು: ಓದುಗರ ಪ್ರಶ್ನೆ, ರಿಪೇರಿಯವನ ಉತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ: "ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆಯಲ್ಲಿ ಮರ ಇದೆಯೋ ಗಾಳಿ ಇದೆಯೋ ಎಂಬುದು ಕಿವಿಗಿಂತ ಮೊದಲು ಹೆಗಲಿಗೆ ಗೊತ್ತಾಗುತ್ತದೆ." ತಮಾಷೆಗೆ ಬರೆದದ್ದು. ಬಂದ ಪತ್ರಗಳನ್ನು ನೋಡಿದರೆ ಯಾರೂ ಅದನ್ನು ತಮಾಷೆಯಾಗಿ ತೆಗೆದುಕೊಂಡಂತಿಲ್ಲ. ಹಾಗಾಗಿ ಈ ಸಂಚಿಕೆಯಲ್ಲಿ ಸವೆದ ಫ್ರೆಟ್ಟು, ಕರಕರ ಎನ್ನುವ ಸ್ವಿಚ್ಚು ಎಲ್ಲವನ್ನೂ ಬದಿಗಿಟ್ಟು ಬರೀ ತೂತಿನ ವಿಚಾರ. ಪತ್ರ ಬರೆದವರ ಹೆಸರು ಹಾಕಿಲ್ಲ. ಕೆಲವರು ಬೈದಿದ್ದಾರೆ, ಅವರ ಮರ್ಯಾದೆಯೂ ಉಳಿಯಲಿ.

ಪ್ರಶ್ನೆ: ನನ್ನ ಬಳಿ 1990ರ ದಶಕದ ಒಂದು ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರು ಇದೆ. ಇಡೀ ಗಟ್ಟಿ ಮರದ್ದೆಂದು ನಂಬಿ ಹತ್ತು ವರ್ಷ ನುಡಿಸಿದೆ. ಒಳಗೆ ಒಂಬತ್ತು ತೂತುಗಳಿವೆ ಎಂದು ಈಚೆಗೆ ತಿಳಿಯಿತು. ಅಂದಿನಿಂದ ನಾದವೇ ಸಪ್ಪೆಯಾಗಿ ಕೇಳುತ್ತಿದೆ. ನಾನು ಮೋಸ ಹೋದೆನೇ?

"ಅಂದಿನಿಂದ" ಎಂಬ ಪದದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ನಿಮ್ಮ ಪತ್ರವನ್ನು ಕೆಲಸದ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ತೂತುಗಳು ಹತ್ತು ವರ್ಷವೂ ಅಲ್ಲೇ ಇದ್ದವು. ಹೊಸದಾಗಿ ಬಂದದ್ದು ಸುದ್ದಿ ಮಾತ್ರ.

ಆ ತೂತುಗಳ ಕಥೆ ಇಷ್ಟು. ಗಿಬ್ಸನ್ ಲೆಸ್ ಪಾಲ್ ಮಾರುಕಟ್ಟೆಗೆ ಬಂದದ್ದು 1952ರಲ್ಲಿ. ಕೆಳಗೆ ದಪ್ಪ ಮಹಾಗನಿ, ಮೇಲೆ ಮೇಪಲ್ ಹೊದಿಕೆ. ಎಲ್ಲ ಮಹಾಗನಿಯೂ ಒಂದೇ ತೂಕದ್ದಲ್ಲ. ಹಗುರ ಹಲಗೆ ಸಿಕ್ಕ ವರ್ಷ ಗಿಟಾರು ಹಗುರ, ಭಾರದ ಹಲಗೆ ಸಿಕ್ಕ ವರ್ಷ ಭಾರ. 1970ರ ದಶಕದ ಕೆಲವು ಗಿಟಾರುಗಳು 5 ಕಿಲೊ ಮುಟ್ಟಿದ್ದವು. ಅದನ್ನು ಮೂರು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತವರ ಬೆನ್ನಿನ ಗತಿ ನನಗೆ ಗೊತ್ತು, ಏಕೆಂದರೆ ಆ ಬೆನ್ನುಗಳಲ್ಲಿ ಒಂದು ನನ್ನದು. 1980ರ ದಶಕದ ಆರಂಭದಲ್ಲಿ ಕಾರ್ಖಾನೆಯವರು ಮೇಪಲ್ ಅಂಟಿಸುವ ಮೊದಲೇ ಮಹಾಗನಿಯಲ್ಲಿ ದುಂಡನೆಯ ತೂತುಗಳನ್ನು ಕೊರೆಯತೊಡಗಿದರು. ಮೇಲೆ ಮೇಪಲ್ ಕುಳಿತ ಮೇಲೆ ಹೊರಗೆ ಏನೂ ಕಾಣದು.

ಈಗ ಒಂದು ಲೆಕ್ಕ ಹಾಕೋಣ. 40 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಆಳದ ಒಂದು ತೂತಿನಲ್ಲಿ ಹಿಡಿಯುವುದು ಸುಮಾರು 44 ಘನ ಸೆಂಟಿಮೀಟರ್. ಒಂಬತ್ತಕ್ಕೆ 396. ಮಹಾಗನಿ ಒಂದು ಘನ ಸೆಂಟಿಮೀಟರಿಗೆ 0.55 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಹೋದದ್ದು ಸುಮಾರು 218 ಗ್ರಾಂ, ಅಂದರೆ ಒಂದು ಲೋಟ ನೀರು. ಒಂದೇ ದಿನ ಒಂದೇ ಸಾಲಿನಲ್ಲಿ ತಯಾರಾದ ಎರಡು ಗಿಟಾರುಗಳ ನಡುವೆ, ಮರದ ತುಂಡು ಬೇರೆ ಎಂಬ ಒಂದೇ ಕಾರಣಕ್ಕೆ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದುಂಟು. ತೂತುಗಳ ನಡುವೆ ಮರ ಗೋಡೆಗಳಂತೆ ಉಳಿದಿದೆ, ಮೇಲೆ ದಪ್ಪ ಮೇಪಲ್ ಮುಚ್ಚಿದೆ. ಬಿಗಿತ ಕಡಿಮೆಯಾಗಿದ್ದರೂ ಅತ್ಯಲ್ಪ.

ಇನ್ನೊಂದು ಲೆಕ್ಕವನ್ನೂ ಕೇಳಿ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ನಿಮ್ಮ ಪಿಕಪ್ಪಿನ ಸುರುಳಿಯೂ ಕೇಬಲ್ಲಿನ ವಿದ್ಯುತ್ ಧಾರಣೆಯೂ ಸೇರಿ ಒಂದು ಆವರ್ತನದಲ್ಲಿ ಶಿಖರವನ್ನು ಹುಟ್ಟಿಸುತ್ತವೆ. ನಾವು "ಹೊಳಪು" ಎನ್ನುವುದು ಬಹುಪಾಲು ಅಲ್ಲೇ ಇರುತ್ತದೆ. 4 ಹೆನ್ರಿಯ ಹಂಬಕರಿಗೆ, ಅಂದರೆ ಎರಡು ಸುರುಳಿಯ ಪಿಕಪ್ಪಿಗೆ, ಮೀಟರಿಗೆ 100 ಪಿಕೊಫ್ಯಾರಡ್‌ನ 6 ಮೀಟರ್ ಕೇಬಲ್ ಹಾಕಿದರೆ ಶಿಖರ 3,250 ಹರ್ಟ್ಸ್ ಆಸುಪಾಸಿಗೆ ಬರುತ್ತದೆ. ಕೇಬಲ್ಲನ್ನು 4 ಮೀಟರಿಗೆ ಇಳಿಸಿ, ಅದು 4,000ದ ಹತ್ತಿರ ಹೋಗುತ್ತದೆ. ಇದು ಯಾರ ಕಿವಿಗೂ ಕೇಳುವ ಬದಲಾವಣೆ. ಆದರೂ ಎರಡು ಮೀಟರ್ ಕೇಬಲ್ಲಿನ ಬಗ್ಗೆ ಯಾರೂ ನನಗೆ ಕಣ್ಣೀರಿನ ಪತ್ರ ಬರೆದಿಲ್ಲ.

ತಂತಿ ಎಂದು ಬದಲಾಯಿಸಿದಿರಿ? ಪತ್ರದಲ್ಲಿ ಬರೆದಿಲ್ಲ. ಮೊದಲು ಅದನ್ನು ಮಾಡಿ.

ಪ್ರಶ್ನೆ: ಸ್ವಾಮಿ, ಮರಕ್ಕೂ ನಾದಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಬರೆಯುತ್ತೀರಿ. ಒಳಗೆ ಟೊಳ್ಳು ಬಿಟ್ಟ, ಅಂದರೆ ಚೇಂಬರ್ ಮಾಡಿದ ನನ್ನ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸದೆ ನುಡಿಸಿದರೂ ಪಕ್ಕದ ಕೋಣೆಗೆ ಕೇಳುತ್ತದೆ. ನಿಮ್ಮ ಕಿವಿ ಸರಿಯಿದೆಯೇ?

ಸರಿಯಿಲ್ಲ. ವರ್ಷಗಟ್ಟಲೆ ಡ್ರಮ್ಮಿನವನ ಸಿಂಬಲ್ಲಿನ ಪಕ್ಕದಲ್ಲೇ ನಿಂತು ಎಡಗಿವಿಯ ಮೇಲಿನ ಸ್ವರಗಳು ಹೊರಟುಹೋಗಿವೆ. ಆದ್ದರಿಂದಲೇ ಅಳತೆಯನ್ನೂ ಬೇರೆಯವರ ಕಿವಿಯನ್ನೂ ನಂಬುವ ಅಭ್ಯಾಸ ಮಾಡಿಕೊಂಡೆ.

ನಿಮ್ಮ ಗಿಟಾರು ಜೋರಾಗಿ ಕೇಳುವುದು ನಿಜ. ಕೆಳಗೆ ಟೊಳ್ಳು ಇದ್ದಾಗ ಮೇಲಿನ ಮರ ತೆಳುವಾದ ಹಲಗೆಯಂತೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಆದರೆ ಮೀಟಿದಾಗ ತಂತಿಗೆ ನೀವು ಕೊಟ್ಟ ಶಕ್ತಿ ಒಂದೇ ಗಂಟು. ಅದರಲ್ಲಿ ಗಾಳಿಗೆ ಕೊಟ್ಟಷ್ಟು ತಂತಿಯಲ್ಲಿ ಉಳಿಯುವುದಿಲ್ಲ. ಪಿಕಪ್ ಕೇಳುವುದು ಗಾಳಿಯನ್ನಲ್ಲ. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಓಡಾಡುವುದನ್ನು. ಹಾಗಾಗಿ ಚೇಂಬರ್ ನಾದವನ್ನು ಬದಲಿಸುವುದಾದರೆ ಸುತ್ತುದಾರಿಯಲ್ಲೇ ಬದಲಿಸಬೇಕು: ಯಾವ ಕಂಪನಗಳು ತಂತಿಯಿಂದ ಎಷ್ಟು ಬೇಗ ಸೋರಿಹೋಗುತ್ತವೆ ಎಂಬುದನ್ನು ಬದಲಿಸಿ.

ಇಲ್ಲಿ ಮುಖ್ಯವಾಗುವುದು ಎಷ್ಟು ಮರ ತೆಗೆದರು ಎಂಬುದಕ್ಕಿಂತ ಎಲ್ಲಿ ತೆಗೆದರು ಎಂಬುದು. ಒಡಲ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ನಿಂತ ನೆಲ ಗಟ್ಟಿಯಿದ್ದರೆ ತಂತಿಯ ಆ ತುದಿ ಕದಲುವುದಿಲ್ಲ, ನಾದ ಉಳಿಯುತ್ತದೆ. ಬ್ರಿಜ್ ತೆಳು ಹಲಗೆಯ ಮೇಲೆ ನಿಂತಿದ್ದರೆ ಮೀಟಿದ ಕ್ಷಣಕ್ಕೆ ನಾದ ಪಟ್ಟನೆ ಎದ್ದು ಬೇಗ ಇಳಿಯುತ್ತದೆ. 1958ರ ಗಿಬ್ಸನ್ ಇಎಸ್-335 ಗಿಟಾರಿನ ಜಾಣತನ ಇದೇ: ಅಕ್ಕಪಕ್ಕ ಪೂರಾ ಟೊಳ್ಳು, ನಡುವೆ ಕುತ್ತಿಗೆಯಿಂದ ಬುಡದವರೆಗೆ ಗಟ್ಟಿ ದಿಮ್ಮಿ. ಈಗಿನ ಚೇಂಬರ್ ಗಿಟಾರುಗಳಲ್ಲಿಯೂ ಹೆಚ್ಚಿನವು ಈ ಬೆನ್ನುಮೂಳೆಯನ್ನು ಮುಟ್ಟುವುದಿಲ್ಲ. ಅದಕ್ಕೇ ಅವುಗಳಲ್ಲಿ ವ್ಯತ್ಯಾಸ ಅಷ್ಟು ಸೂಕ್ಷ್ಮ. 1953ರ ಗ್ರೆಚ್ ಡ್ಯುವೊ ಜೆಟ್ ಇನ್ನೊಂದು ಜಾತಿಯದು. ನೋಡಲು ಗಟ್ಟಿ, ಒಳಗೆ ಬಹಳಷ್ಟು ಪೊಳ್ಳು. ಎತ್ತಿಕೊಂಡ ಕೂಡಲೇ ತಿಳಿಯುತ್ತದೆ.

ಸೋರಿಕೆಯ ದೊಡ್ಡ ಬಾಗಿಲು ಇರುವುದು ಇನ್ನೊಂದು ತುದಿಯಲ್ಲಿ. ಗಿಟಾರಿನ ಕುತ್ತಿಗೆಯ, ಅಂದರೆ ನೆಕ್ಕಿನ, ಕೆಲವು ಮನೆಗಳಲ್ಲಿ (ಎರಡು ಫ್ರೆಟ್ಟುಗಳ ನಡುವಿನ ಜಾಗ) ಸ್ವರ ಬೇಗ ಸಾಯುತ್ತದಲ್ಲ, ಅದನ್ನು ಜರ್ಮನಿಯ ಹೆಲ್ಮುಟ್ ಫ್ಲೈಷರ್ ಮತ್ತು ತಿಲ್ಮನ್ ತ್ಸ್ವಿಕರ್ 1990ರ ದಶಕದ ಕೊನೆಯಲ್ಲಿ ನೆಕ್ಕಿನ ಉದ್ದಕ್ಕೂ ಅಳೆದು ನೋಡಿದರು. ಅಲ್ಲಿ ಶಕ್ತಿ ಕದಿಯುವುದು ಬಹುತೇಕ ನೆಕ್ಕು, ಬ್ರಿಜ್ ಅಲ್ಲ ಎಂದು ತಿಳಿದುಬಂತು. ಉದ್ದನೆಯ ತೆಳ್ಳನೆಯ ಕೋಲು ಅದು, ಬಾಗದೆ ಏನು ಮಾಡೀತು? ನೀವೂ ಪರೀಕ್ಷಿಸಬಹುದು. ಸ್ವರ ಸಾಯುವ ಮನೆಯೊಂದನ್ನು ಹುಡುಕಿ, ಹೆಡ್‌ಸ್ಟಾಕಿಗೆ, ಅಂದರೆ ಗಿಟಾರಿನ ತಲೆಗೆ, ಒಂದು ಚಿಕ್ಕ ಕಬ್ಬಿಣದ ಕ್ಲಾಂಪ್ ಬಿಗಿದು ಮತ್ತೆ ಮೀಟಿ. ಸತ್ತ ಮನೆ ಪಕ್ಕಕ್ಕೆ ಸರಿಯುತ್ತದೆ. ಹೊಟ್ಟೆಯ ತೂತಿನ ಬಗ್ಗೆ ಜಗಳವಾಡುವವರು ಈ ಕ್ಲಾಂಪಿನ ಆಟವನ್ನು ಒಮ್ಮೆ ಆಡಬೇಕು.

ಪರದೆಯ ಪರೀಕ್ಷೆಯನ್ನೂ ಮಾಡಿದ್ದೇನೆ. ಒಂದೇ ಪಿಕಪ್, ಒಂದೇ ತಂತಿಯ ಎರಡು ಗಿಟಾರುಗಳು, ಒಂದು ಗಟ್ಟಿ, ಒಂದು ಟೊಳ್ಳು. ಗೆಳೆಯನೊಬ್ಬ ಬಟ್ಟೆಯ ಹಿಂದೆ ಕುಳಿತು ನುಡಿಸಿದ. ನಾನೂ ಇನ್ನಿಬ್ಬರೂ ಊಹಿಸಿ ಬರೆದುಕೊಂಡೆವು. ನಾಣ್ಯ ಚಿಮ್ಮಿಸಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ಆದರೆ ಬಟ್ಟೆಯ ಹಿಂದಿದ್ದವನನ್ನು ಕೇಳಿ! ಕಣ್ಣು ಕಟ್ಟಿ ಕೈಗೆ ಕೊಟ್ಟರೂ ಪ್ರತಿ ಸಲ ಸರಿ ಹೇಳಿದ. ಟೊಳ್ಳಿನ ಕಂಪನ ಪಕ್ಕೆಲುಬಿಗೂ ಮುಂಗೈಗೂ ತಾಗುತ್ತದೆ. ತಾಗಿದಾಗ ಬೆರಳು ಬೇರೆ ರೀತಿ ಮೀಟುತ್ತದೆ. ಬೇರೆ ರೀತಿ ಮೀಟಿದರೆ ನಾದ ಬೇರೆಯಾಗದೇ ಇರುತ್ತದೆಯೇ? ನಿಮ್ಮ ಮಾತನ್ನು ಈ ದಾರಿಯಿಂದ ಒಪ್ಪುತ್ತೇನೆ. ನೀವು ಕೇಳುತ್ತಿರುವುದು ಸುಳ್ಳಲ್ಲ. ಅದು ಕೇಬಲ್ಲಿನ ಆ ತುದಿಯವರೆಗೆ ಹೋಗುತ್ತದೆ ಎಂಬುದು ಮಾತ್ರ ಅನುಮಾನ.

1940ರ ಸುಮಾರಿಗೆ ಆ ಗಿಟಾರಿಗೆ ಹೆಸರು ಕೊಟ್ಟ ಲೆಸ್ ಪಾಲ್ ಎಂಬ ವಾದಕರೇ ನಾಲ್ಕಿಂಚಿನ ಮರದ ತೊಲೆಗೆ ನೆಕ್ಕು, ಪಿಕಪ್ಪು ಹಾಕಿ ನುಡಿಸಿದ್ದರು. ಜನ ಮೂಗು ಮುರಿದರಂತೆ. ಗಿಟಾರಿನ ಎರಡು ಪಕ್ಕಗಳನ್ನು ಕತ್ತರಿಸಿ ತೊಲೆಗೆ ಅಂಟಿಸಿ ತಂದಾಗ ಚಪ್ಪಾಳೆ ಬಿತ್ತಂತೆ. ಜನ ಕಣ್ಣಿನಿಂದ ಕೇಳುತ್ತಾರೆ ಎಂದು ಅವರು ಕೊನೆಯವರೆಗೂ ನಗುತ್ತಾ ಹೇಳುತ್ತಿದ್ದರು.

ಪ್ರಶ್ನೆ: ಮುಚ್ಚಿದ ಚೇಂಬರಿನೊಳಗಿನ ಗಾಳಿ ಅನುರಣಿಸುತ್ತದೆಯೇ? ಎಫ್ ಆಕಾರದ ರಂಧ್ರ ಕೊರೆದರೆ ನಾದ ಹೊರಬರುತ್ತದೆಯೇ?

ಬಾಟಲಿಯ ಬಾಯಿಗೆ ಊದಿದರೆ ಬರುವ "ಹೂಂ" ಶಬ್ದಕ್ಕೆ ಹೆಲ್ಮ್‌ಹೋಲ್ಟ್ಸ್ ಅನುರಣನ ಎಂದು ಹೆಸರು. ಅದಕ್ಕೆ ಬಾಯಿ ಬೇಕು. ಮುಚ್ಚಳ ಹಾಕಿದ ಬಾಟಲಿ ಹಾಡುವುದಿಲ್ಲ. ಮುಚ್ಚಿದ ಚೇಂಬರಿನ ಗಾಳಿ ಮೇಲಿನ ಹಲಗೆಗೆ ಒಂದು ಮೆತ್ತನೆಯ ಸ್ಪ್ರಿಂಗಿನಂತೆ ಒತ್ತು ಕೊಡುತ್ತದೆ, ಅಷ್ಟೇ. ರಂಧ್ರ ಕೊರೆದರೆ ಬಾಟಲಿಗೆ ಬಾಯಿ ಬಂತು. ಸಿಕ್ಕಿಸದೆ ನುಡಿಸಿದಾಗ ತಳಸ್ವರ ತುಸು ತುಂಬಿ ಕೇಳಬಹುದು. ಪಿಕಪ್ಪಿಗೆ ಅದರ ಪರಿವೆಯೇ ಇರುವುದಿಲ್ಲ ಎನ್ನಬಹುದು.

ಒಂದೇ ಒಂದು ಎಫ್ ರಂಧ್ರದ ಫೆಂಡರ್ ಟೆಲಿಕಾಸ್ಟರ್ ಥಿನ್‌ಲೈನ್ 1968ರಲ್ಲಿ ಬಂತು. ವಿನ್ಯಾಸ ಜರ್ಮನಿಯಿಂದ ಬಂದ ರೋಜರ್ ರೋಸ್‌ಮೈಸ್ಲ್ ಎಂಬವರದು. ಹಗುರವಾದ ಆಶ್ ಮರ ಸಿಗುವುದು ಕಷ್ಟವಾಗಿ, ಭಾರದ ಮರವನ್ನೇ ಕೊರೆದು ಹಗುರ ಮಾಡುವ ಉಪಾಯ ಅದು. ಆಮೇಲೆ ಅದರ "ಗಾಳಿ ತುಂಬಿದ ನಾದ"ದ ಬಗ್ಗೆ ಎಷ್ಟೊಂದು ವರ್ಣನೆ! ಇರಲಿ, ನನಗೂ ಆ ಗಿಟಾರು ಇಷ್ಟ. ರಂಧ್ರದ ಅಂದಕ್ಕೆ ಇಷ್ಟ ಎಂದು ಒಪ್ಪಿಕೊಳ್ಳುವಷ್ಟು ವಯಸ್ಸಾಗಿದೆ.

ಪ್ರಶ್ನೆ: ತಂಡದೊಂದಿಗೆ ಜೋರಾಗಿ ನುಡಿಸುವಾಗ ನನ್ನ ಟೊಳ್ಳು ಗಿಟಾರು ಒಂದು ಸ್ವರ ಬಂದೊಡನೆ ತಾನಾಗಿಯೇ ಊಳಿಡುತ್ತದೆ. ಗಟ್ಟಿ ಗಿಟಾರಿನಲ್ಲಿ ಈ ಕಾಟವಿಲ್ಲ. ಇದೂ ಭ್ರಮೆಯೇ?

ಅಲ್ಲವೇ ಅಲ್ಲ. ಚೇಂಬರಿನ ನಿಜವಾದ ಗುಣ ಕಾಣುವುದು ಇಲ್ಲೇ. ಮೆಲ್ಲಗೆ ನುಡಿಸುವಾಗ ಕಂಪನ ತಂತಿಯಿಂದ ಮರಕ್ಕೆ ಹೋಗುತ್ತದೆ. ಜೋರಾದಾಗ ದಾರಿ ತಿರುಗುತ್ತದೆ. ಸ್ಪೀಕರಿನ ಶಬ್ದ ಮರವನ್ನು ಅಲುಗಿಸುತ್ತದೆ, ಮರ ತಂತಿಯನ್ನು, ತಂತಿ ಪಿಕಪ್ಪನ್ನು, ಪಿಕಪ್ ಮತ್ತೆ ಸ್ಪೀಕರನ್ನು. ತೆಳು ಹಲಗೆ ಸುಲಭವಾಗಿ ಅಲುಗುವುದರಿಂದ ಈ ಚಕ್ರ ಬೇಗ ಪೂರ್ತಿಯಾಗುತ್ತದೆ. ಹಲಗೆಗೆ ಒಗ್ಗಿದ ಸ್ವರ ಬಂದರಂತೂ ಕೇಳುವುದೇ ಬೇಡ.

ಊಳು ಯಾವ ಬಗೆಯದು ಎಂದು ಮೊದಲು ನೋಡಿ. ತಂತಿಗಳ ಮೇಲೆ ಅಂಗೈ ಇಟ್ಟಾಗ ನಿಂತರೆ ಅದು ತಂತಿಯ ಮೂಲಕ ಬಂದದ್ದು. ನಿಲ್ಲದೆ ಕೀರಲಾಗಿ ಕಿರುಚಿದರೆ ಪಿಕಪ್ಪಿನ ಸುರುಳಿಯೇ ಸಡಿಲವಾಗಿ ಅಲುಗುತ್ತಿದೆ ಎಂದರ್ಥ. ಆಗ ಗಿಟಾರನ್ನು ಬೈಯಬೇಡಿ, ಪಿಕಪ್ಪಿಗೆ ಮೇಣ ಕುಡಿಸಿ. ಕ್ವೀನ್ ತಂಡದ ಗಿಟಾರು ವಾದಕ ಬ್ರಿಯಾನ್ ಮೇ 1963ರಲ್ಲಿ ತಂದೆಯೊಂದಿಗೆ ಮನೆಯಲ್ಲೇ ಕಟ್ಟತೊಡಗಿದ ರೆಡ್ ಸ್ಪೆಷಲ್ ಗಿಟಾರನ್ನು ನೆನೆಯಿರಿ. ತಂತಿಯ ಊಳು ಬೇಕೆಂದೇ ಅವರು ಒಡಲಲ್ಲಿ ಟೊಳ್ಳು ಬಿಟ್ಟರು. ಪಿಕಪ್ಪಿನ ಕಿರುಚು ಬೇಡವೆಂದು ಸುರುಳಿಗಳಿಗೆ ಆರಲ್ಡೈಟ್ ಅಂಟು ಸುರಿದರು. ಎರಡು ಬಗೆಯ ಊಳನ್ನು ಇಷ್ಟು ಸ್ಪಷ್ಟವಾಗಿ ಬೇರೆ ಮಾಡಿ ನೋಡಿದ ಹುಡುಗನ ವಯಸ್ಸು ಆಗ ಹದಿನಾರು.

ನಿಮ್ಮದು ಮೊದಲ ಬಗೆಯದಾದರೆ ಸ್ಪೀಕರಿಗೆ ಎದೆಯೊಡ್ಡಿ ನಿಲ್ಲಬೇಡಿ, ಓರೆಯಾಗಿ ನಿಲ್ಲಿ. ಎರಡು ಹೆಜ್ಜೆ ಆಚೆ ಸರಿದರೂ ಊಳುವ ಸ್ವರ ಬದಲಾಗುತ್ತದೆ. ಪಳಗಿಸಿಕೊಂಡರೆ ಗಟ್ಟಿ ಗಿಟಾರಿನಲ್ಲಿ ಸಿಗದ ಒಂದು ಉದ್ದ ಸ್ವರ ನಿಮ್ಮ ಕೈವಶ.

ಪ್ರಶ್ನೆ: ನನ್ನ ಗಿಟಾರು 4.6 ಕಿಲೊ. ಹಿಂಬದಿಯಿಂದ ನಾನೇ ಕೊರೆದು ತೂಕ ಇಳಿಸಬಹುದೇ? ನಾದ ಸುಧಾರಿಸುತ್ತದೆಯೇ?

ಕೊರೆಯಬಹುದು. ಸುಧಾರಿಸುವುದಿಲ್ಲ. ಕೆಡುವುದೂ ಇಲ್ಲ, ಮರ ಕೆಡಿಸದೇ ಇದ್ದರೆ.

ನಾನು ಗಿಟಾರಿಗೆ ಕೈ ಹಾಕುವ ಮುಂಚೆ ಬಾಗಿಲು ಕಿಟಕಿ ಮಾಡುತ್ತಿದ್ದವನು. ಮರದ ಮೇಲೆ ನನಗಿದ್ದ ಅಹಂಕಾರ ಇಳಿದದ್ದು ನನ್ನದೇ ಗಿಟಾರನ್ನು ಕೊರೆದ ದಿನ. ಅಗಲ ತೂತು ಕೊರೆಯುವ ಫಾರ್ಸ್ಟ್‌ನರ್ ಬಿಟ್ ಹಾಕಿ, ಮೇಲೆ 6 ಮಿಲಿಮೀಟರ್ ಮರ ಉಳಿಯುವಂತೆ ಆಳದ ತಡೆ ಕಟ್ಟಿದ್ದೆ. ಅಳತೆ ಹಿಡಿದದ್ದು ಬಿಟ್ಟಿನ ಅಂಚಿನಿಂದ. ಅದರ ನಡುವೆ ಮುಂದಕ್ಕೆ ಚಾಚಿದ ಮೊನೆಯೊಂದಿದೆ ಎಂಬುದನ್ನು ಹನ್ನೊಂದು ವರ್ಷ ಬಡಗಿಯಾಗಿದ್ದವನು ಮರೆತಿದ್ದ. ನನ್ನ ಬಿಟ್ಟಿನ ಮೊನೆ ಉದ್ದನೆಯದು, ಆಳದ ತಡೆಯೂ ಸಡಿಲಿತ್ತು. ನಾಲ್ಕನೆಯ ತೂತಿನಲ್ಲಿ ಗಿಟಾರಿನ ಮುಂಭಾಗದ ಬಣ್ಣದ ನಡುವೆ ಸಾಸಿವೆ ಕಾಳಿನಷ್ಟು ಮರ ಉಬ್ಬಿ ಸಿಡಿಯಿತು. ಅಲ್ಲಿ ಈಗಲೂ ಒಂದು ಮುತ್ತಿನ ಚಿಪ್ಪಿನ ಚುಕ್ಕೆ ಇದೆ. ಅಲಂಕಾರ ಎಂದುಕೊಂಡು ಎಲ್ಲರೂ ಹೊಗಳುತ್ತಾರೆ.

ಉಳಿದದ್ದನ್ನು ಮರ ಕೆತ್ತುವ ರೂಟರ್ ಯಂತ್ರದಿಂದ ಎಚ್ಚರಿಕೆಯಾಗಿ ತೆಗೆದೆ. ಬ್ರಿಜ್‌ನ ಕೆಳಗೂ ನೆಕ್ ಕೂರುವ ಜಾಗದಲ್ಲೂ ಕೈ ಹಾಕಲಿಲ್ಲ. ಸುಮಾರು ಅರ್ಧ ಕಿಲೊ ಹೋಯಿತು. ತಂತಿ ಕಟ್ಟಿ ನುಡಿಸಿದಾಗ ನಾದ ಮಿಂಚಿತು. ಮುನ್ನ ಧ್ವನಿಮುದ್ರಿಸಿದ್ದನ್ನು ಹೋಲಿಸಿದೆ, ಆಕಾಶ ಭೂಮಿಯ ಅಂತರ. ಎರಡು ದಿನ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮೂರನೆಯ ದಿನ ಕಸದ ಬುಟ್ಟಿಯಲ್ಲಿ ಸುರುಳಿ ಸುತ್ತಿ ಬಿದ್ದಿದ್ದ ಹಳೆಯ ತಂತಿಗಳನ್ನು ಕಂಡು ಮೈ ತಣ್ಣಗಾಯಿತು. ಮೊದಲ ಮುದ್ರಣ ಮೂರು ತಿಂಗಳ ತುಕ್ಕು ತಂತಿಯದು, ಎರಡನೆಯದು ಹೊಚ್ಚ ಹೊಸದರದು. ಪಿಕಪ್ಪನ್ನು ಮರಳಿ ಕೂರಿಸುವಾಗ ಅದು ತಂತಿಗೆ ಹತ್ತಿರವೂ ಬಂದಿತ್ತು. ನಾನು ಹೊಗಳಿದ್ದು ತಂತಿಯನ್ನು, ಹೆಸರು ಹೇಳಿದ್ದು ತೂತಿನದು.

ಆಮೇಲೆ ಪಿಕಪ್ಪಿನ ಎತ್ತರವನ್ನು ಅಳೆದು ಹಿಂದಿನಷ್ಟೇ ಇಟ್ಟು, ಅದೇ ತಂತಿಗಳು ಅಷ್ಟೇ ಹಳತಾಗುವವರೆಗೆ ಕಾದು ಮತ್ತೆ ಮುದ್ರಿಸಿದೆ. ಮೂರನೆಯ ತಂತಿಯ ಒಂದೆರಡು ಸ್ವರ ತುಸು ಬೇಗ ಇಳಿಯುತ್ತವೆಯೇನೋ ಎಂದು ತೋರಿತು. ಮಿಕ್ಕದ್ದು ಅದೇ ಗಿಟಾರು. ಆದರೆ ನಿಂತು ನುಡಿಸಿದ ಮೇಲೆ ಮೊದಲಿನಂತೆ ಹೆಬ್ಬೆರಳು ಜೋಮು ಹಿಡಿಯಲಿಲ್ಲ.

ನಿಮ್ಮದು ಮುಂದೆಂದಾದರೂ ಮಾರುವ ಗಿಟಾರಾದರೆ ಕೊರೆಯಲೇಬೇಡಿ. ಕೊಂಡುಕೊಳ್ಳುವವರು ತೂತಿಗೆ ಬೆಲೆ ಕೊಡುವುದಿಲ್ಲ. ಮೊದಲು ನಾಲ್ಕು ಬೆರಳಗಲದ ಹೆಗಲಪಟ್ಟಿ ಹಾಕಿ ನೋಡಿ.

ಪ್ರಶ್ನೆ: ಬಿಚ್ಚದೆ, ಒಡೆಯದೆ ಒಳಗೆ ಟೊಳ್ಳಿದೆಯೇ ಎಂದು ತಿಳಿಯುವುದು ಹೇಗೆ?

ಬೆರಳಿನಿಂದ ತಟ್ಟಿ ನೋಡುವುದನ್ನು ನಂಬಬೇಡಿ. ಪಿಕಪ್ಪಿನ ಗುಂಡಿ, ಸ್ವಿಚ್ಚಿನ ಗುಂಡಿ ಎಲ್ಲ ಗಟ್ಟಿ ಗಿಟಾರಿನಲ್ಲಿಯೂ ಇರುತ್ತವೆ, ಅವೂ ಟೊಳ್ಳಾಗಿಯೇ ಕೇಳುತ್ತವೆ. ತೂಕ ಸುಳಿವು ಕೊಡುತ್ತದೆ, ಪ್ರಮಾಣ ಕೊಡುವುದಿಲ್ಲ. ಪಿಕಪ್ ಬಿಚ್ಚಿ ದಂತವೈದ್ಯರ ಚಿಕ್ಕ ಕನ್ನಡಿಯೂ ಟಾರ್ಚೂ ಹಿಡಿದರೆ ಕೆಲವು ಮಾದರಿಗಳಲ್ಲಿ ಚೇಂಬರಿನ ಬಾಗಿಲು ಕಾಣುತ್ತದೆ. ಖಚಿತವಾಗಬೇಕಾದರೆ ಕ್ಷ-ಕಿರಣ. ಮಾದರಿಯ ಹೆಸರು, ವರ್ಷ ಗೊತ್ತಿದ್ದರೆ ಅಷ್ಟು ದೂರ ಹೋಗಬೇಕಿಲ್ಲ. ಉದಾಹರಣೆಗೆ 2008ರ ಲೆಸ್ ಪಾಲ್ ಸ್ಟ್ಯಾಂಡರ್ಡ್ ಚೇಂಬರಿನದು. 2019ರಲ್ಲಿ ಬಂದ ಸ್ಟ್ಯಾಂಡರ್ಡ್ 50ಸ್ ಮತ್ತು 60ಸ್ ಒಂದೂ ತೂತಿಲ್ಲದವು. ಒಂದೇ ಕಂಪನಿ ಹಗುರ ಮಾಡಿದ್ದನ್ನೂ ಮಾರಿತು, ಮಾಡದಿದ್ದುದನ್ನೂ ಮಾರಿತು. ಎರಡಕ್ಕೂ ಕೈ ಚಾಚಿದವರು ನಾವೇ.

ಪ್ರಶ್ನೆ: ಹಗುರ ಗಿಟಾರು ಕೊಂಡೆ. ಕೈ ಬಿಟ್ಟರೆ ತಲೆ ನೆಲಕ್ಕೆ ವಾಲುತ್ತದೆ.

ಒಡಲು ಇಳಿಯಿತು, ತಲೆ ಇಳಿಯಲಿಲ್ಲ. ತಕ್ಕಡಿಯ ನ್ಯಾಯ. ಒರಟು ಚರ್ಮದ ಪಟ್ಟಿ ಹಾಕಿದರೆ ಹೆಗಲ ಮೇಲೆ ಜಾರುವುದಿಲ್ಲ. ತಲೆಯಲ್ಲಿ ತಂತಿ ಬಿಗಿಯುವ ಟ್ಯೂನರುಗಳನ್ನು ಹಗುರದ್ದು ಹಾಕಿದರೆ ಇನ್ನೂ ವಾಸಿ. ಬುಡಕ್ಕೆ ಸೀಸ ಕಟ್ಟಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ತೂಕ ತೆಗೆಯಲು ಹಣ ಕೊಟ್ಟು, ತೂಕ ಸೇರಿಸಲು ನನ್ನನ್ನು ಕೇಳುತ್ತೀರಲ್ಲ!

ಪ್ರಶ್ನೆ: ಎಫ್ ರಂಧ್ರದೊಳಗೆ ಹತ್ತಿ ತುಂಬಿದರೆ ಊಳು ನಿಲ್ಲುತ್ತದೆಯೇ?

ಕಡಿಮೆಯಾಗುತ್ತದೆ. ಬ್ಲೂಸ್ ವಾದಕ ಬಿ. ಬಿ. ಕಿಂಗ್ ತಮ್ಮ ಟೊಳ್ಳು ಗಿಟಾರಿಗೆ ಟವೆಲ್ ತುರುಕುತ್ತಿದ್ದರು. ಕೊನೆಗೆ 1980ರಲ್ಲಿ ಅವರ ಲೂಸಿಲ್ ಎಂಬ ಗಿಟಾರು ಮಾದರಿಯನ್ನು ಎಫ್ ರಂಧ್ರವೇ ಇಲ್ಲದಂತೆ ಮಾಡಿದರು. ಆದರೆ ಹತ್ತಿ ಬೇಡ, ಸ್ಪಂಜಿನ ತುಂಡು ಹಾಕಿ, ಎಳೆದು ತೆಗೆಯಲು ಅದಕ್ಕೊಂದು ದಾರ ಕಟ್ಟಿ. ಹತ್ತಿ ತುಂಬಿದ ಗಿಟಾರೊಂದು ಹೋದ ವಾರ ನನ್ನ ಮೇಜಿಗೆ ಬಂದಿತ್ತು. ಚಿಮಟದಲ್ಲಿ ಎಳೆದೆಳೆದು ತೆಗೆಯುವಷ್ಟರಲ್ಲಿ ಒಂದು ಮಧ್ಯಾಹ್ನ ಹೋಯಿತು. ಜೊತೆಗೆ ತಂತಿ ಮೀಟುವ ಹದಿನೇಳು ಪಿಕ್‌ಗಳು ಸಿಕ್ಕವು.